ಕೈದಿಯ ದೂರು ಸಹನೆಗೆ ವಿರುದ್ಧವೇ?

ನಿಮ್ಮ ಬಂಧುವೋ ನೆರೆಯವನೋ ಸೆರೆಮನೆಯಲ್ಲಿದ್ದಾನೆಂದು ಭಾವಿಸಿರಿ. ಭೇಟಿಯ ದಿನ ಜಾಲರಿಯ ಆಚೆಯಿಂದ ಅವನು ತಗ್ಗಿದ ದನಿಯಲ್ಲಿ ಹೇಳುತ್ತಾನೆ: ಇಲ್ಲಿ ಹೊಡೆಯುತ್ತಾರೆ, ಹಣ ಕೇಳುತ್ತಾರೆ, ಕಾಯಿಲೆಗೆ ಮದ್ದು ಕೊಡುವುದಿಲ್ಲ. ಆಗ ನೀವೇನು ಹೇಳುವಿರಿ? ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರುವ ಮಾತು ಒಂದೇ: “ಸಹನೆ ವಹಿಸು. ದೂರು ಕೊಟ್ಟರೆ ಕಷ್ಟ ಹೆಚ್ಚುತ್ತದೆ. ಅಲ್ಲಾಹನು ನೋಡುತ್ತಿದ್ದಾನೆ.” ಈ ಮಾತಿನಲ್ಲಿ ಪ್ರೀತಿಯಿದೆ, ಭಯವೂ ಇದೆ. ಆದರೆ ಇದು ಧರ್ಮ ಕಲಿಸಿದ ಸಹನೆಯೇ?

ಸಹನೆಯ ಬಗ್ಗೆ ಕಲಿಯಲು ನಾವು ಯೂಸುಫ್ ಅಧ್ಯಾಯವನ್ನು ಓದುತ್ತೇವೆ. ಪ್ರವಾದಿ ಯಅ್‌ಕೂಬ್(ಅ) ತಮ್ಮ ದುಃಖವನ್ನು ಅಲ್ಲಾಹನ ಮುಂದೆ ಮಾತ್ರ ತೋಡಿಕೊಳ್ಳುವುದಾಗಿ ಹೇಳಿದ್ದು ಅಲ್ಲಿಯೇ. ಆದರೆ ಮುಂದಿನ ಸೂಕ್ತವನ್ನೇ ನೋಡಿರಿ. ಹೋಗಿ ಯೂಸುಫರನ್ನೂ ಅವರ ಸಹೋದರನನ್ನೂ ಹುಡುಕಿರಿ, ನಿರಾಶರಾಗಬೇಡಿರಿ ಎಂದು ಅವರು ಮಕ್ಕಳಿಗೆ ಆಜ್ಞಾಪಿಸುತ್ತಾರೆ. ದುಃಖವನ್ನು ಅಲ್ಲಾಹನಿಗೆ ಒಪ್ಪಿಸಿದವರು ಪ್ರಯತ್ನವನ್ನು ಕೈಬಿಡಲಿಲ್ಲ.

ಸೆರೆಮನೆಯಲ್ಲಿದ್ದ ಪ್ರವಾದಿ ಯೂಸುಫ್(ಅ) ಏನು ಮಾಡಿದರು? ಬಿಡುಗಡೆಯಾಗಲಿದ್ದ ಸಹಕೈದಿಯೊಡನೆ, ನಿನ್ನ ಒಡೆಯನ ಬಳಿ ನನ್ನ ವಿಷಯ ತಿಳಿಸು ಎಂದರು. ಅವರು ಹೀಗೆ ಮನುಷ್ಯನ ನೆರವು ಕೇಳಿದ್ದೇ ತಪ್ಪಾಯಿತೆಂದು ಕೆಲವು ವ್ಯಾಖ್ಯಾನಕಾರರು ಬರೆದಿದ್ದಾರೆ. ಆದರೆ ಮರೆತವನು ಆ ಸಹಕೈದಿಯೆಂದೇ ಇತರ ವ್ಯಾಖ್ಯಾನಕಾರರ ಅಭಿಪ್ರಾಯ. ದೀರ್ಘಕಾಲದ ಬಳಿಕ ಅವನಿಗೆ ನೆನಪಾಯಿತೆಂದು ಅದೇ ಅಧ್ಯಾಯವು ಹೇಳುವುದರಿಂದ ಈ ಅಭಿಪ್ರಾಯವೇ ಹೆಚ್ಚು ಸರಿಯೆನಿಸುತ್ತದೆ. ಕೊನೆಗೆ ರಾಜನ ಕರೆ ಬಂದಾಗ ಯೂಸುಫ್(ಅ) ಓಡೋಡಿ ಹೊರಬರಲಿಲ್ಲ. ಕೈ ಕೊಯ್ದುಕೊಂಡ ಸ್ತ್ರೀಯರ ವಿಷಯ ಮೊದಲು ವಿಚಾರಿಸಲಿ ಎಂದು ದೂತನನ್ನು ಹಿಂದಕ್ಕೆ ಕಳುಹಿಸಿದರು. ಅವರಿಗೆ ಬೇಕಾಗಿದ್ದುದು ಕೇವಲ ಬಿಡುಗಡೆಯಲ್ಲ, ನ್ಯಾಯ. ಸೆರೆಯೊಳಗಿನಿಂದಲೇ ವಿಚಾರಣೆ ಕೇಳಿದ ಇವರು ಸಹನಶೀಲರಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಆದ್ದರಿಂದ ಸಹನೆಯೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಸತ್ಯ ಬಿಡದಿರುವುದು, ಸೇಡಿಗೆ ಇಳಿಯದಿರುವುದು, ನಿರಾಶನಾಗದಿರುವುದು ಸಹನೆ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಮೆಚ್ಚಿಗೆಯಲ್ಲವಾದರೂ ಅನ್ಯಾಯಕ್ಕೊಳಗಾದವನಿಗೆ ಅದರಿಂದ ವಿನಾಯಿತಿಯಿದೆಯೆಂದು ಅನ್ನಿಸಾ ಅಧ್ಯಾಯದ 148ನೇ ಸೂಕ್ತವು ಕಲಿಸುತ್ತದೆ.

ಇಲ್ಲಿ ನೀವು ಕೇಳಬಹುದು: “ಯೂಸುಫ್(ಅ) ನಿರಪರಾಧಿ. ಕೊಲೆ ಮಾಡಿ ಒಳಗೆ ಹೋದವನಿಗೆ ಎಂತಹ ಹಕ್ಕು? ಅವನು ಸತ್ತವನ ಹಕ್ಕನ್ನು ಯೋಚಿಸಿದ್ದನೇ?” ಇದು ನ್ಯಾಯವಾದ ಪ್ರಶ್ನೆ. ನೊಂದ ಕುಟುಂಬದ ಕಣ್ಣೀರನ್ನು ಮರೆತು ಕೈದಿಯ ಹಕ್ಕನ್ನು ಮಾತನಾಡುವುದು ಸರಿಯಲ್ಲ. ಆದರೆ ಶಿಕ್ಷೆಯನ್ನು ವಿಧಿಸುವುದು ನ್ಯಾಯಾಲಯ. ಅದು ವಿಧಿಸಿದ್ದು ಸೆರೆವಾಸವೇ ಹೊರತು ಲಾಠಿಯೇಟು, ಹಸಿವು, ಅವಮಾನಗಳಲ್ಲ. ತೀರ್ಪಿನ ಮೇಲೆ ಒಂದು ಹೊಡೆತ ಹೆಚ್ಚು ಬಿದ್ದರೂ ಅದು ಹೊಸ ಅಪರಾಧ, ಹೊಡೆದವನು ಹೊಸ ಅಪರಾಧಿ. ಬೆಕ್ಕೊಂದನ್ನು ಕೂಡಿಹಾಕಿ, ಆಹಾರವನ್ನೂ ಕೊಡದೆ, ತಾನಾಗಿ ತಿನ್ನಲು ಬಿಡದೆ ಕೊಂದ ಸ್ತ್ರೀ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಒಂದು ಜೀವವನ್ನು ಕೂಡಿಹಾಕಿದವನು ಅದರ ಹೊಣೆಯನ್ನೂ ಹೊತ್ತಿರುತ್ತಾನೆ.

ಬದ್ರ್ ಯುದ್ಧದ ಕೈದಿಗಳು ಮುಸ್ಲಿಮರನ್ನು ಕೊಲ್ಲಲು ಬಂದಿದ್ದವರು. ಅವರಲ್ಲಿ ಪ್ರವಾದಿವರ್ಯರ(ಸ) ಚಿಕ್ಕಪ್ಪ ಅಬ್ಬಾಸರೂ ಇದ್ದರು. ಬಿಗಿದ ಹಗ್ಗದಿಂದ ಅವರು ನರಳುವ ಸದ್ದು ಕೇಳಿ ಪ್ರವಾದಿವರ್ಯರಿಗೆ(ಸ) ಆ ರಾತ್ರಿ ನಿದ್ದೆ ಬರಲಿಲ್ಲ. ಇದನ್ನರಿತು ಅವರ ಕಟ್ಟನ್ನು ಸಡಿಲಿಸಿದಾಗ, ಎಲ್ಲ ಕೈದಿಗಳಿಗೂ ಹಾಗೆಯೇ ಮಾಡಿರೆಂದು ಆಜ್ಞೆಯಾಯಿತೆಂದು ಚರಿತ್ರೆಕಾರರು ಉಲ್ಲೇಖಿಸಿದ್ದಾರೆ. ಅಬ್ಬಾಸರು ಅರ್ಜಿ ಬರೆದಿರಲಿಲ್ಲ, ನರಳಿದ್ದರು ಅಷ್ಟೆ. ಆ ನರಳಿಕೆಯೇ ದೂರಾಯಿತು. ಮುಂದೆ ಇಮಾಮ್ ಅಬೂ ಯೂಸುಫ್(ರ) ಖಲೀಫಾ ಹಾರೂನ್ ರಶೀದರಿಗಾಗಿ ಬರೆದ ‘ಕಿತಾಬುಲ್ ಖರಾಜ್’ನಲ್ಲಿ ಕೈದಿಗಳಿಗೆ ಬೊಕ್ಕಸದಿಂದ ಆಹಾರ ವೆಚ್ಚ, ಬೇಸಗೆಗೂ ಚಳಿಗಾಲಕ್ಕೂ ಬಟ್ಟೆ ಕೊಡಬೇಕೆಂದರು. ಸಂಕೋಲೆ ತೊಡಿಸಿ ಅವರನ್ನು ಬೀದಿಯಲ್ಲಿ ಭಿಕ್ಷೆಗೆ ಕಳುಹಿಸುವುದನ್ನು ಖಂಡಿಸಿದರು.

ನಮ್ಮ ದೇಶದ ಒಂದು ಪ್ರಕರಣವನ್ನೂ ನೆನೆಯೋಣ. ದಿಲ್ಲಿಯ ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನು ಸುಪ್ರೀಂ ಕೋರ್ಟಿನ ನ್ಯಾಯಾಧೀಶರೊಬ್ಬರಿಗೆ ಪತ್ರ ಬರೆದನು. ತನ್ನ ಪ್ರಾಣಕ್ಕಾಗಿ ಅಲ್ಲ. ಬಂಧುಗಳಿಂದ ಹಣ ಕೀಳುವುದಕ್ಕಾಗಿ ವಾರ್ಡರನೊಬ್ಬನು ಇನ್ನೊಬ್ಬ ಕೈದಿಯನ್ನು ಹಿಂಸಿಸಿದ್ದಾನೆಂದು ತಿಳಿಸಲು. ಆ ಪತ್ರವನ್ನೇ ನ್ಯಾಯಾಲಯವು ಹೇಬಿಯಸ್ ಕಾರ್ಪಸ್ ಅರ್ಜಿಯಾಗಿ ಸ್ವೀಕರಿಸಿತು. ವಕೀಲರನ್ನು ಜೈಲಿಗೆ ಕಳುಹಿಸಿ ವಿಚಾರಿಸಿತು. ಸುನಿಲ್ ಬಾತ್ರಾ ಪ್ರಕರಣವೆಂದು ಹೆಸರಾದ ಇದರ ತೀರ್ಪು 1979ರ ಡಿಸೆಂಬರಿನಲ್ಲಿ ಬಂತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ಆ ತೀರ್ಪು, ಜೈಲುಗಳಲ್ಲಿ ಎಲ್ಲ ಕೈದಿಗಳ ಕೈಗೆಟುಕುವಂತೆ ದೂರು ಪೆಟ್ಟಿಗೆಗಳನ್ನು ಇಡಬೇಕು, ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಭೇಟಿಕೊಟ್ಟು ಅಹವಾಲು ಕೇಳಬೇಕು ಎಂದು ನಿರ್ದೇಶಿಸಿತು. ಸ್ವತಃ ಗಲ್ಲಿನ ನೆರಳಿನಲ್ಲಿದ್ದವನು ಇನ್ನೊಬ್ಬನ ನೋವಿಗೆ ದನಿಯಾದನು. ಹೊರಗೆ ಆರಾಮವಾಗಿರುವ ನಾವು ಏನಾಗಿದ್ದೇವೆ?

ಇದು ಕೊಲೆಗಾರರಿಗೆ ಮಾತ್ರ ಸಂಬಂಧಿಸಿದ ವಿಷಯವೂ ಅಲ್ಲ. ಸರಕಾರದ ಲೆಕ್ಕದಂತೆ 2022ರ ಅಂತ್ಯಕ್ಕೆ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ.

ದೂರು ಕೊಡುವವನಿಗೂ ಮರ್ಯಾದೆಗಳಿವೆ. ನಡೆದಷ್ಟನ್ನೇ ಹೇಳಬೇಕು. ಒಂದೇಟನ್ನು ಹತ್ತೆಂದರೆ, ದ್ವೇಷದಿಂದ ನಿರಪರಾಧಿ ಸಿಬ್ಬಂದಿಯ ಹೆಸರು ಸೇರಿಸಿದರೆ, ಮರ್ದಿತನೇ ಮರ್ದಕನಾಗುತ್ತಾನೆ. ಹಾಗೆಯೇ, ಹೆದರಿ ಸುಮ್ಮನಿದ್ದವನನ್ನು ಹೇಡಿಯೆಂದು ಹಳಿಯಬೇಡಿರಿ. ರಾತ್ರಿ ಅದೇ ಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿದೆಯೆಂದು ಅವನಿಗೆ ಗೊತ್ತು. ದೂರಿತ್ತ ಕೈದಿಯ ಮೇಲೆ ಸೇಡು ತೀರಿಸಬಾರದೆಂದೂ, ಅವನಿಗೆ ಸಾಧ್ಯವಾಗದಿದ್ದರೆ ಮನೆಯವರು ದೂರು ಕೊಡಬಹುದೆಂದೂ 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳು ಹೇಳುತ್ತವೆ. ಬಂಧನದಲ್ಲಿರುವ ಯಾರಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆಯೆಂದು ನಮ್ಮ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಇದಕ್ಕಾಗಿ ಪ್ರತಿ ಜಿಲ್ಲೆಯಲ್ಲಿ ಪ್ರಾಧಿಕಾರವಿದೆ.

ಆದುದರಿಂದ ಪ್ರಿಯ ಓದುಗರೇ, ಮುಂದಿನ ಭೇಟಿಯಲ್ಲಿ “ಸಹನೆ ವಹಿಸು” ಎಂದಷ್ಟೇ ಹೇಳಿ ಮರಳಬೇಡಿರಿ. ದಿನಾಂಕ, ಹೆಸರು, ಗಾಯದ ಗುರುತು ಕೇಳಿ ಬರೆದುಕೊಳ್ಳಿರಿ. ಅವನ ಅನುಮತಿ ಪಡೆದು ಪ್ರಾಧಿಕಾರದ ಕಚೇರಿಯ ಮೆಟ್ಟಿಲು ಹತ್ತಿರಿ. ಯೂಸುಫರ(ಅ) ಮಾತನ್ನು ಹೊತ್ತು ಹೊರಬಂದವನು ಅದನ್ನು ಮರೆತನು. ಆ ಮರೆವಿನಿಂದ ನಿರಪರಾಧಿಯೊಬ್ಬರು ಇನ್ನೂ ಕೆಲವು ವರ್ಷ ಸೆರೆಯಲ್ಲಿ ಕಳೆಯಬೇಕಾಯಿತು. ಜೈಲಿನ ಬಾಗಿಲಿನಿಂದ ಹೊರಬರುವಾಗ ನಾವೂ ಒಂದು ಮಾತನ್ನು ಹೊತ್ತು ಬರುತ್ತೇವೆ. ಅದನ್ನು ಮರೆತೆವೇ ಎಂದು ನಾಳೆ ಅಲ್ಲಾಹನು ಕೇಳಿದರೆ ನಮ್ಮ ಉತ್ತರವೇನು?