ಯಾವ ಕಂಪನಿ?

ಕೆನಡಾದಲ್ಲಿ ಓದುವ ಹೊರದೇಶದ ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ ದುಡಿಯಬಹುದು. 2024ರ ನವೆಂಬರಿನಿಂದ ಇದೇ ಮಿತಿ. ಆ ಮಿತಿಯೊಳಗೇ ನಮ್ಮ ಮಗ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಾನೆ. ಕದ್ದದ್ದಲ್ಲ, ಕಾನೂನು ಮೀರಿದ್ದಲ್ಲ. ಆದರೂ ನಾವು ನೆಂಟರಿಷ್ಟರಿಗೆ ‘ಕಂಪನಿಯಲ್ಲಿ ಪಾರ್ಟ್‌ಟೈಮ್’ ಎಂದೆವು. ಈ ಸುಳ್ಳು ಯಾರ ಮಾನ ಕಾಯಲು?

ಇದೇ ಮುಂಬಯಿಯಲ್ಲಿ ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರಿಗೆ ನಾವು ಶಾಲು ಹೊದಿಸುತ್ತೇವೆ. ಅದೂ ಅವರು ದೊಡ್ಡವರಾದ ಮೇಲೆ! ಕೈಯಲ್ಲಿ ಲೋಟವಿದ್ದಾಗ ‘ಏ ಹುಡುಗಾ’ ಎಂದು ಕೂಗಿದವರೂ ನಾವೇ ಅಲ್ಲವೇ?

ಮೊನ್ನೆ ಮಗ ಫೋನಿನಲ್ಲಿ ಕೇಳಿದ: “ಅಪ್ಪಾ, ಯಾವ ಕಂಪನಿ ಅಂತ ಅತ್ತೆ ಕೇಳಿದ್ರು. ಏನು ಹೇಳಲಿ?”

ಅಲ್ಲಿ ಹಿಮ ಬೀಳುತ್ತಿದೆಯೇ ಎಂದು ವಿಚಾರಿಸಿದೆವು.