ಹಿಂದೆ ಕೂತವರ ಲೆಕ್ಕ

ಹಳೆಯ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ಸವೆದಿದೆ ಎಂಬುದು ಮೊದಲು ಗೊತ್ತಾಗುವುದು ಯಾರಿಗೆ? ಓಡಿಸುವವನಿಗಂತೂ ಅಲ್ಲ. ಅವನು ಎರಡು ಗಾಲಿಗಳ ನಡುವೆ ಕೂತಿರುತ್ತಾನೆ, ಕೈಗೆ ಹ್ಯಾಂಡಲ್ ಆಸರೆ ಇದೆ, ಗುಂಡಿ ಕಂಡ ಕೂಡಲೇ ಮೈ ತಾನಾಗಿ ಸಿದ್ಧವಾಗುತ್ತದೆ. ಹಿಂದೆ ಕೂತವರಿಗೆ ರಸ್ತೆ ಕಾಣುವುದಿಲ್ಲ, ಗಾಲಿ ಮಾತ್ರ ಬುಡದಲ್ಲೇ ಇರುತ್ತದೆ.

ನನ್ನದು ನಮ್ಮ ಮೈಸೂರಿನ ಯೆಜ್ಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ತಯಾರಿಸಲು ಶುರುಮಾಡಿ, 1996ರಲ್ಲಿ ಬಾಗಿಲು ಹಾಕಿತು. (2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಬಂದವು, ಅದು ಬೇರೆ ಕಥೆ.) ಈಗ ಅದು ನನ್ನ ಹಾಗೆಯೇ ಶ್ರೀಕಾರ್ಯಂನಲ್ಲಿ ನೆಲೆಸಿದೆ. ನಾರಾಯಣ ಗುರುಗಳು ಹುಟ್ಟಿದ ಚೆಂಬಳಂತಿ ಇಲ್ಲಿಗೆ ಹತ್ತಿರ. ಅಲ್ಲಿಗೆ ಹೋಗಿ ಬಂದ ದಿನ ಹೆಂಡತಿ ಹೇಳಿದಳು: "ಗಾಡಿ ಒಂದು ಗುಂಡಿಗೆ ಮೂರು ಸಲ ಕುಣಿಯುತ್ತೆ ಕಣ್ರೀ."

ಅದು ಸರಿಯಾದ ರೋಗಲಕ್ಷಣ. ಭಾರ ಹೊರುವುದು ಸ್ಪ್ರಿಂಗ್, ಕುಣಿತ ತಡೆಯುವುದು ಒಳಗಿನ ಎಣ್ಣೆ. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಎಣ್ಣೆ ಕಷ್ಟಪಟ್ಟು ನುಸುಳುವಾಗ ಏಟಿನ ಶಕ್ತಿ ಶಾಖವಾಗಿ ಹೋಗುತ್ತದೆ. ಸೀಲ್ ಸವೆದು ಎಣ್ಣೆ ಸೋರಿದರೆ ಬರೀ ಸ್ಪ್ರಿಂಗ್ ಉಳಿಯುತ್ತದೆ, ಗಾಲಿ ನೆಲ ಬಿಟ್ಟು ಏಳುತ್ತದೆ, ಬ್ರೇಕ್ ಹಿಡಿತವೂ ಕಡಿಮೆಯಾಗುತ್ತದೆ.

ಇದೆಲ್ಲ ಒಂದು ದಿನಕ್ಕೆ ಆಗುವುದಲ್ಲ. ಬ್ಯಾಂಕಿನಲ್ಲಿ ಪ್ರತಿ ಮಾರ್ಚ್ 31ಕ್ಕೆ ಕುರ್ಚಿ ಕಪಾಟುಗಳಿಗೂ ಸವಕಳಿ ಬರೆಯುತ್ತಿದ್ದೆವು. ಮೈಗೆ ಅಂಥ ಮಾರ್ಚ್ ಇಲ್ಲ, ಅದು ದಿನಾ ಸ್ವಲ್ಪ ಸ್ವಲ್ಪ ಒಗ್ಗಿಕೊಂಡುಬಿಡುತ್ತದೆ. ಪರವೂರಿನಲ್ಲಿ ಇರುವವರಿಗೆ ಇದು ಗೊತ್ತು. ನಮ್ಮ ಕನ್ನಡಕ್ಕೆ ಮಲಯಾಳದ ರಾಗ ಹತ್ತಿದ್ದು ನಮಗೆ ಕೇಳಿಸುವುದಿಲ್ಲ, ಊರಿಂದ ಬಂದ ತಂಗಿ ಎರಡೇ ದಿನಕ್ಕೆ ನಗುತ್ತಾಳೆ.

ಹಾಗಾದರೆ ಬದಲಾಯಿಸುವ ಕಾಲ ಬಂತೆಂದು ತೀರ್ಮಾನಿಸಬೇಕಾದವರು ಯಾರು? ದುಡ್ಡು ಕೊಡುವವನೇ ಎಂದು ಲೋಕ ಹೇಳುತ್ತದೆ. "ಇನ್ನೊಂದು ವರ್ಷ ಓಡುತ್ತೆ ಬಿಡಿ" ಅನ್ನುವ ಮಾತಿಗೆ ಮಿತವ್ಯಯ ಎಂಬ ಒಳ್ಳೆಯ ಹೆಸರೂ ಇದೆ. ಆದರೆ ಎಂ.ಕಾಂ.ನಲ್ಲಿ ಕಲಿತ ಮೊದಲ ಪಾಠ, ಪ್ರತಿಯೊಂದು ಜಮೆಗೂ ಎಲ್ಲೋ ಒಂದು ಖರ್ಚು ಇದ್ದೇ ಇರುತ್ತದೆ. ಇಲ್ಲಿ ಉಳಿತಾಯ ಓಡಿಸುವವನ ಖಾತೆಗೆ, ಖರ್ಚು ಹಿಂದೆ ಕೂತವರ ಸೊಂಟಕ್ಕೆ. ಇಂಥ ಉಳಿತಾಯವನ್ನು ಗುಣ ಅನ್ನಲು ನನಗೆ ಮನಸ್ಸಿಲ್ಲ. ಅವರು ಏನೂ ಹೇಳಲಿಲ್ಲವಲ್ಲ ಅನ್ನುವುದೂ ಉತ್ತರವಲ್ಲ. ಹಿಂದೆ ಕೂರುವವರಿಗೆ "ಅಷ್ಟೇನಿಲ್ಲ, ಹೋಗಲಿ ಬಿಡಿ" ಅನ್ನುವುದು ಅಭ್ಯಾಸ. ನಾವೇ ಕೇಳಬೇಕು. ನಂಬಿಕೆ ಇಲ್ಲದವರು ಸೀಟನ್ನು ಒತ್ತಿ ಬಿಟ್ಟು ನೋಡಲಿ, ಒಮ್ಮೆ ಎದ್ದು ನಿಂತರೆ ಸರಿ, ತೂಗಾಡಿದರೆ ಮುಗಿಯಿತು.

ಎಣ್ಣೆ ಸೋರಿದ್ದು ಎಡಗಡೆಯದು ಮಾತ್ರ. ಚಾವಡಿಮುಕ್ಕಿನ ಮೇಸ್ತ್ರಿ ನೋಡಿದವನೇ "ರಂಡುಂ ಮಾಟ್ಟಣಂ" ಅಂದ, ಎರಡನ್ನೂ ಬದಲಾಯಿಸಬೇಕು. ಲೆಕ್ಕದವನ ಕೈ ಇಂಥ ಕಡೆ ಹಿಂದೆಗೆಯುವುದು ಸಹಜ, ಆದರೆ ಅವನ ಮಾತು ನ್ಯಾಯವೇ. ಒಂದು ಕಡೆ ಗಡುಸು, ಇನ್ನೊಂದು ಕಡೆ ಸಡಿಲ ಆದರೆ ಹಿಂದಿನ ಫೋರ್ಕ್ ಓರೆ ಎಳೆಯುತ್ತದೆ. ಮೇನ್ ಸ್ಟ್ಯಾಂಡ್ ಹಾಕಿ, ಒಂದು ಬದಿಯದು ಗಾಲಿಯನ್ನು ಹಿಡಿದಿರುವಾಗಲೇ ಇನ್ನೊಂದು ಬದಿಯದನ್ನು ಬಿಚ್ಚಿ, ರಬ್ಬರ್ ಬುಷ್ ಸಮೇತ ಹೊಸದು ಕೂರಿಸಿದ. ಕೊನೆಗೆ ಸ್ಪ್ರಿಂಗಿನ ಬುಡದ ಬಳೆ ತಿರುಗಿಸುತ್ತಾ ಕೇಳಿದ, ಒಬ್ಬರಿಗೋ ಇಬ್ಬರಿಗೋ?

ಇಬ್ಬರಿಗೆ ಅಂದೆ. ಈಗ ಒಬ್ಬನೇ ಕಾರ್ಯವಟ್ಟಂ ಕಡೆಗೆ ಹೊರಟರೆ ಗಾಡಿ ಸ್ವಲ್ಪ ಗಡುಸು. ಹಾಗೇ ಬಿಟ್ಟಿದ್ದೇನೆ.