ಔಷಧದಾನವೂ ಅಭಯದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಶ್ರಾವಕನು ಸಮಭಾವದಿಂದ ಆಚರಿಸಬೇಕೆಂಬುದು ಪೂರ್ವಾಚಾರ್ಯರ ಆದೇಶ. ಆದರೆ ಒಬ್ಬನಿಗೆ ಔಷಧವಾಗುವುದು ಇನ್ನೊಂದು ಜೀವಿಯ ಅಭಯವನ್ನು ಕಸಿದುಕೊಂಡು ಬಂದಿದ್ದರೆ ಗೃಹಸ್ಥನ ಕರ್ತವ್ಯವೇನು? ಕಂಪವಾತದ ಚಿಕಿತ್ಸೆಯ ಇತಿಹಾಸವು ಈ ಪ್ರಶ್ನೆಯನ್ನು ನೇರವಾಗಿ ಮುಂದಿಡುತ್ತದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂತಹ ಊರಿನಲ್ಲಿ ಹಿರಿಯರೊಬ್ಬರ ಕೈ ನಡುಗತೊಡಗಿದರೆ ಮನೆಯವರು ಮೊದಲು ಅದನ್ನು ಮುಪ್ಪಿನ ಲಕ್ಷಣವೆಂದೇ ಬಗೆಯುತ್ತಾರೆ. ಜಪಮಾಲೆಯ ಮಣಿ ಬೆರಳಿನಿಂದ ಜಾರಿ, ಹೆಜ್ಜೆ ತಡವರಿಸಿ, ಅಂಗಿಯ ಗುಂಡಿ ಹಾಕುವುದೂ ಕಷ್ಟವಾದಾಗ ಬೆಂಗಳೂರಿನ ನಿಮ್ಹಾನ್ಸ್ ನೆನಪಾಗುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ರೋಗದಲ್ಲಿ ಮಿದುಳಿನ ಆಳದಲ್ಲಿರುವ ಕಪ್ಪುಛಾಯೆಯ ನರಕೋಶಗಳು ನಶಿಸುತ್ತವೆ. ಅವು ಸ್ರವಿಸುವ ಡೋಪಮೈನ್ ಎಂಬ ದ್ರವ್ಯ ಕುಗ್ಗಿದಂತೆ, ಚಲನೆಯನ್ನು ನಿಯಂತ್ರಿಸುವ ಕೇಂದ್ರಗಳ ಚಟುವಟಿಕೆ ಲಯ ತಪ್ಪುತ್ತದೆ.

ಈ ಜ್ಞಾನ ಬಂದ ದಾರಿ ಯಾವುದು? 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅವರು ಸರ್ಪಗಂಧಿಯಿಂದ ದೊರೆಯುವ ರಿಸರ್ಪಿನ್ ನೀಡಿ ಮೊಲಗಳನ್ನು ನಿಶ್ಚಲಗೊಳಿಸಿದರು. ಎಲ್-ಡೋಪಾ ಕೊಟ್ಟೊಡನೆ ಅವು ಮತ್ತೆ ಚಲಿಸಿದವು. ಇಂದಿಗೂ ಈ ರೋಗಕ್ಕೆ ಮುಖ್ಯ ಔಷಧ ಅದೇ. ಇಲಿಗೆ ಈ ರೋಗ ತಾನಾಗಿ ಬರುವುದಿಲ್ಲ. ಅದರ ಮಿದುಳಿನ ಒಂದು ಪಾರ್ಶ್ವಕ್ಕೆ ವಿಷ ಚುಚ್ಚಿ ಕೋಶಗಳನ್ನು ಕೊಲ್ಲುತ್ತಾರೆ. ಬಳಿಕ ಕೆಲವು ಔಷಧ ಕೊಟ್ಟರೆ ಇಲಿ ಗಾಣದ ಎತ್ತಿನಂತೆ ಒಂದೇ ದಿಕ್ಕಿಗೆ ಸುತ್ತುತ್ತದೆ. 1979ರಲ್ಲಿ ಇಲಿಯ ಭ್ರೂಣದಿಂದ ತೆಗೆದ ಡೋಪಮೈನ್ ಕೋಶಗಳನ್ನು ಅಂತಹ ಇಲಿಗಳಿಗೆ ಕಸಿ ಮಾಡಿದಾಗ ಆ ಸುತ್ತಾಟ ತಗ್ಗಿತು. ಕಸಿಯ ಕೋಶಗಳು ಡೋಪಮೈನ್ ಸೂಸಿದಂತೆ ಸುತ್ತಲಿನ ನರಕೋಶಗಳ ಚಟುವಟಿಕೆಯೂ ಸಹಜಸ್ಥಿತಿಯತ್ತ ಹೊರಳುವುದು ಕಂಡುಬಂದಿತು. 1987ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಮಾನವ ಭ್ರೂಣದ ಕೋಶಗಳನ್ನು ರೋಗಿಗಳಿಗೆ ಕಸಿ ಮಾಡಲಾಯಿತು. ಆದರೆ 2001ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಕೆಲವು ರೋಗಿಗಳಿಗೆ ಅಂಕೆ ಮೀರಿದ ಚಲನೆಗಳು ಉಂಟಾದವು. 2025ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯವು, ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳನ್ನು 7 ರೋಗಿಗಳಿಗೆ ಕಸಿ ಮಾಡಿದ ಫಲಿತಾಂಶವನ್ನು ಪ್ರಕಟಿಸಿತು. ಈ ಕೋಶಗಳಿಗೆ ಭ್ರೂಣ ಬೇಕಿಲ್ಲ. ಆದರೂ ಇವು ಮನುಷ್ಯನನ್ನು ತಲುಪಿದ್ದು ಇಲಿ, ಕೋತಿಗಳನ್ನು ದಾಟಿಯೇ.

ಇಲ್ಲಿ ಎರಡು ಸುಲಭೋತ್ತರಗಳು ಎದುರಾಗುತ್ತವೆ. ಇಲಿಯ ಪ್ರಾಣಕ್ಕೇನು ಬೆಲೆ ಎಂಬುದು ಒಂದು. ಪಂಚೇಂದ್ರಿಯ ಜೀವಿಯ ನೋವನ್ನು ಅರಿತ ಧರ್ಮಕ್ಕೆ ಅದು ಒಪ್ಪುವ ಮಾತಲ್ಲ. ಇಂತಹ ಪ್ರಯೋಗಗಳಿಂದ ಯಾವ ಪ್ರಯೋಜನವೂ ಇಲ್ಲವೆಂಬುದು ಇನ್ನೊಂದು. ಎಲ್-ಡೋಪಾ ಸೇವಿಸಿ ಎದ್ದು ನಡೆದಾಡುವ ರೋಗಿಯ ಮುಂದೆ ಅದೂ ಸತ್ಯವಾಗಲಾರದು. ಪ್ರಯೋಜನವಿದೆಯೆಂದು ಒಪ್ಪಿಕೊಂಡೇ ಧರ್ಮವನ್ನು ವಿಚಾರಿಸಬೇಕು.

ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ಹಿಂಸೆ ನಾಲ್ಕು ವಿಧ. ರೋಗವೆಂಬ ಶತ್ರುವನ್ನು ಎದುರಿಸುವ ಪ್ರಯೋಗವು ವಿರೋಧಿ ಹಿಂಸೆಯೆಂದು ವಾದಿಸಬಹುದು. ಆದರೆ ಮೊಲವಾಗಲಿ ಇಲಿಯಾಗಲಿ ಯಾರ ಶತ್ರುವೂ ಅಲ್ಲ. ತಿಳಿದು, ಯೋಜಿಸಿ ಮಾಡುವ ಈ ಕೃತ್ಯ ಸಂಕಲ್ಪಿ ಹಿಂಸೆಗೇ ಹತ್ತಿರವಾದುದು. ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪವೇ ಭವಭವಾಂತರಗಳಲ್ಲಿ ಕಾಡಿತು. ಇಲ್ಲಿರುವುದಾದರೋ ಉಸಿರಾಡುವ ಜೀವಿ. ಸಂಶೋಧಕನ ಕರುಣೆಯಿಂದ ಕಷಾಯದ ತೀವ್ರತೆ ತಗ್ಗೀತು, ಕೃತ್ಯವೇ ಅಳಿಸಿಹೋಗದು.

ಹಾಗಾದರೆ ಗುಳಿಗೆ ನುಂಗುವ ರೋಗಿ ಪಾಪಿಯೇ? ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಲ್ಲಿ ಆತನು ಯಾವುದನ್ನೂ ಎಸಗಿಲ್ಲ. ಆತನು ಔಷಧ ತ್ಯಜಿಸಿದರೆ ಸತ್ತ ಮೊಲ ಬದುಕಿ ಬಾರದು. ನೋವು ಮಾತ್ರ ಹೆಚ್ಚೀತು. ಅಂತಹ ತ್ಯಾಗವನ್ನು ರೋಗಿಯ ಮೇಲೆ ಹೇರುವುದು ಕ್ರೌರ್ಯ. ಆದರೆ ಲಾಭ ಪಡೆದವರ ಖಾತೆಯಲ್ಲಿ ಋಣವೊಂದು ಬರೆದಿದೆ. ಖಾತೆಯ ಪುಟವನ್ನು ಹರಿದ ಮಾತ್ರಕ್ಕೆ ಸಾಲ ತೀರದು.

ತೀರಿಸುವ ಒಂದು ದಾರಿ ಕರ್ನಾಟಕದಲ್ಲಿಯೇ ಇದೆ. ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಸ್ಥಾಪಿತವಾದ ಮಾನವ ಮಿದುಳಿನ ಭಂಡಾರವು ಮೃತರ ಮಿದುಳನ್ನು ಬಂಧುಗಳ ಒಪ್ಪಿಗೆಯಿಂದ ಪಡೆದು ಅಧ್ಯಯನಕ್ಕೆ ಒದಗಿಸುತ್ತದೆ. ಅದೇ ಸಂಸ್ಥೆಯ ತಜ್ಞರು ಭಾರತೀಯರ ಮಿದುಳಿನ ಆ ಕಪ್ಪುಛಾಯೆಯ ಕೋಶಗಳನ್ನು ಎಣಿಸಿ 1998ರಲ್ಲಿ ಪ್ರಕಟಿಸಿದರು: ಅವುಗಳ ಸಂಖ್ಯೆ ಬ್ರಿಟನ್ನಿನವರಿಗಿಂತ ಕಡಿಮೆ, ಆದರೆ ವಯಸ್ಸಾದಂತೆ ಕುಗ್ಗುವುದಿಲ್ಲ. ಯಾವ ಇಲಿಯೂ ಹೇಳಲಾರದ ಸಂಗತಿಯಿದು. ಇಲಿಯು ತನ್ನ ಮಿದುಳನ್ನು ಕೊಡುವುದಿಲ್ಲ, ಅದರಿಂದ ಕಿತ್ತುಕೊಳ್ಳಲಾಗುತ್ತದೆ. ಮನುಷ್ಯನಾದರೋ ತಾನಾಗಿ ಕೊಡಬಲ್ಲ. ಜೀವ ಹೊರಟ ಮೇಲೆ ಉಳಿಯುವುದು ಪುದ್ಗಲವೆಂದು ನಂಬಿದವರಿಗೆ ಇದರಲ್ಲಿ ಅಳುಕೇಕೆ? ಮರಣಾನಂತರ ಕೆಲವೇ ಗಂಟೆಗಳಲ್ಲಿ ಈ ಕಾರ್ಯ ನಡೆಯಬೇಕಾದುದರಿಂದ ದೂರದ ತಂಬ್ರಹಳ್ಳಿಯವರಿಗೆ ಇದು ಸುಲಭವಲ್ಲ; ಬೆಂಗಳೂರಿನಲ್ಲಿ ನೆಲೆಸಿದ ಕುಟುಂಬಗಳಾದರೂ ಬದುಕಿರುವಾಗಲೇ ನಿಶ್ಚಯಿಸಿಡಬಹುದು.

ಬಸದಿಯ ಟ್ರಸ್ಟುಗಳಿಗೂ ಇಲ್ಲಿ ಹೊಣೆಯಿದೆ. ಸಾಧ್ಯವಿರುವೆಡೆಯೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ ಹೇಳುತ್ತದೆ. ಔಷಧದಾನದ ನಿಧಿಯಿಂದ ಬಡ ರೋಗಿಯ ಗುಳಿಗೆಗೆ ಹಣ ಕೊಡುವಾಗ ಶಂಕೆ ಬೇಡ. ಹೊಸ ಸಂಶೋಧನೆಗೆ ಕೊಡುವಾಗ ಮಾತ್ರ, ಇದೇ ಜ್ಞಾನವನ್ನು ಜೀವಿಯನ್ನು ನೋಯಿಸದೆ ಪಡೆಯಲಾಗದೇ ಎಂದು ಕೇಳಿ ಲಿಖಿತ ಉತ್ತರ ಪಡೆಯಬೇಕು. ಹಣ ಕೊಡುವ ಕೈ ಇಷ್ಟನ್ನು ಕೇಳಿದರೆ ಔಷಧದಾನವು ಅಭಯದಾನದ ವೈರಿಯಾಗದು.